ಎನಕ್‌ನ ಬಾಗಿಲು ತಟ್ಟಿದವರು

ಎನಕ್ ಕ್ಲೆಗ್‌ಗೆ ಕೆಲಸದ ಪ್ಯಾಂಟು ಇದ್ದದ್ದು ಒಂದೇ. ಆ ಸೋಮವಾರ ಅದನ್ನು ಒಗೆದು ಹಿಂದುಗಡೆ ಹಗ್ಗಕ್ಕೆ ಹಾಕಿದ್ದ. ಇಷ್ಟರಿಂದಲೇ ಅವನ ಬಾಳು ಸಂಜೆಯೊಳಗೆ ತಲೆಕೆಳಗಾಯಿತು.

ಬಾಬಿನ್ ಬೀದಿಯವರನ್ನು ಬೆಳಿಗ್ಗೆ ಎಬ್ಬಿಸುವುದು ಎನಕ್‌ನ ಕಸುಬು. ಲ್ಯಾಂಕಶೈರಿನ ಹತ್ತಿಗಿರಣಿಯ ಊರುಗಳಲ್ಲಿ ಆಗ ಅಲಾರಂ ಗಡಿಯಾರವನ್ನು ನಂಬುವವರು ಕಡಿಮೆ. ಗಡಿಯಾರದ ತಲೆಗೊಂದು ಕೊಟ್ಟರೆ ಅದು ಬಾಯಿ ಮುಚ್ಚುತ್ತದೆ, ಎನಕ್ ಮುಚ್ಚುವವನಲ್ಲ. ತುದಿಗೆ ತಂತಿ ಕಟ್ಟಿದ ಹದಿನೈದು ಅಡಿಯ ಬಿದಿರುಕೋಲು ಹಿಡಿದು, ಬೆಳಗಿನ ಐದಕ್ಕೆ ಹೊರಟು, ಮಹಡಿಯ ಕಿಟಕಿಗಳ ಗಾಜನ್ನು ಟರ್ ಟರ್ ಎಂದು ತಟ್ಟುತ್ತ ನಲವತ್ತೊಂದು ಮನೆ ಮುಗಿಸುತ್ತಿದ್ದ. ಆಮೇಲೆ ಬೀದಿಯಲ್ಲಿ ಮರದ ಅಟ್ಟೆಯ ಕ್ಲಾಗ್‌ಗಳ ಸದ್ದು ಮಳೆ ಹೊಯ್ದಂತೆ ಹೊಯ್ದು, ಗಿರಣಿಯ ಗೇಟಿನೊಳಗೆ ಹೊಕ್ಕು ನಿಲ್ಲುತ್ತಿತ್ತು. ಆಗ ಅವನು ಮನೆಗೆ ಬಂದು ಪರದೆ ಎಳೆದು ಮಲಗುತ್ತಿದ್ದ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಬೀದಿ ಎದ್ದಿರುವಾಗ ಅವನಿಗೆ ನಿದ್ದೆ, ಅವನು ಎದ್ದಿರುವಾಗ ಬೀದಿಗೆ ನಿದ್ದೆ. ಹೀಗಾಗಿ ನೆರೆಹೊರೆಯವರು ಅವನಿಗೆ ಗೊತ್ತಿದ್ದದ್ದು ಕಿಟಕಿಯಲ್ಲಿ ಕಂಡಷ್ಟೇ. ಒಂಬತ್ತನೇ ನಂಬರು ಎಂದರೆ ಒಂದು ಬೋಳುತಲೆ. ಇಪ್ಪತ್ತೆಂಟು ಎಂದರೆ ನೂಲು ಸುತ್ತುವ ಬಾಬಿನ್‌ನಷ್ಟು ದಪ್ಪದ ಒಂದು ಹೆಬ್ಬೆರಳು. ಮೂವತ್ತು ಎಂದರೆ ಒಂದು ಬೈಗುಳ. ಅದೂ ದಿನಕ್ಕೊಂದು ಹೊಸದು. ಹೆಂಡತಿ ಮಕ್ಕಳು ಇರಲಿಲ್ಲ. ಒಂದು ಬೆಕ್ಕು ಸಾಕಿದ್ದ. ಹಗಲೆಲ್ಲ ಗೊರಕೆ ಕೇಳಿ ಕೇಳಿ ಬೇಸತ್ತು ಅದೂ ಪಕ್ಕದ ಬೆಸ್ಸಿಯ ಮನೆ ಸೇರಿಕೊಂಡಿತ್ತು.

ಆ ಬೀದಿಯಲ್ಲಿ ‘ನಾಕ್’ ಎಂಬ ಒಂದೇ ಮಾತಿನಲ್ಲಿ ಅರ್ಧ ಸಂಸಾರ ನಡೆಯುತ್ತಿತ್ತು. ಬಾಗಿಲು ತಟ್ಟುವುದೂ ನಾಕ್. ಅದರ ಬಾಲಕ್ಕೆ ಒಂದು ಚೂರು ಕಟ್ಟಿದರೆ ಬೇರೆ ಮಾತು, ಇನ್ನೊಂದು ಚೂರು ಕಟ್ಟಿದರೆ ಮತ್ತೊಂದು. ಎಬ್ಬಿಸಿದರೆ ನಾಕ್ ಅಪ್, ಕೆಲಸ ಬಿಟ್ಟರೆ ನಾಕ್ ಆಫ್, ಮುದುಕರಾಗುತ್ತಿದ್ದರೆ ನಾಕಿಂಗ್ ಆನ್. ಬಿಯರನ್ನು ಗಟಗಟ ಇಳಿಸುವುದು ನಾಕ್ ಬ್ಯಾಕ್. ಹೆಣ್ಣು ಕೇಳಲು ಹೋಗಿ ಬರಿಗೈಯಲ್ಲಿ ವಾಪಸು ಬಂದರೆ ಅದೂ ನಾಕ್ ಬ್ಯಾಕೇ. ಇಷ್ಟೆಲ್ಲ ಬಗೆಯ ನಾಕ್ ಇದ್ದ ಬೀದಿಯಲ್ಲಿ ಎನಕ್‌ನ ಬಾಗಿಲಿಗೆ ಮಾತ್ರ ಯಾವುದೂ ಬರುತ್ತಿರಲಿಲ್ಲ. ಎಲ್ಲರಿಗೂ ಅವನ ಮೇಲೆ ಮರ್ಯಾದೆ. ಹಗಲು ಅವನ ಮನೆ ಮುಂದೆ ಬಂದರೆ, ‘ಪಾಪ, ಎನಕ್ ಮಲಗಿರ್ತಾನೆ’ ಎಂದು ಕ್ಲಾಗ್‌ನ ತುದಿಯಲ್ಲಿ ನಡೆದು ದಾಟುತ್ತಿದ್ದರು.

ಒಂದೇ ಒಂದು ಕಿಟಕಿ ಬೇರೆಯಾಗಿತ್ತು. ಹದಿನೇಳನೇ ನಂಬರಿನ ಹೆಸ್ಟರ್ ಒಗ್ಡನ್ ನೂಲು ಸುತ್ತುವ ವಿಭಾಗದವಳು, ವಿಧವೆ, ಐವತ್ತರ ಮೇಲೆ ಎರಡೋ ಮೂರೋ ವರ್ಷ. ಅವಳು ದಿನಾ ಪರದೆ ಸರಿಸಿ, ಗಾಜಿನ ಹಿಂದಿನಿಂದ ಏನೋ ಒಂದು ಹೇಳುತ್ತಿದ್ದಳು. ಗಿರಣಿಯವರ ರೀತಿ ಅದು. ಯಂತ್ರಗಳ ಅಬ್ಬರದಲ್ಲಿ ದನಿ ಕೇಳಿಸುವುದಿಲ್ಲವೆಂದು ದನಿಯನ್ನೇ ಬಿಟ್ಟು, ತುಟಿಗಳನ್ನು ದೊಡ್ಡದಾಗಿ ಆಡಿಸಿ ಮಾತಾಡಿಕೊಳ್ಳುತ್ತಾರೆ. ಗಿರಣಿಯೊಳಗೆ ಕಾಲಿಡದ ಎನಕ್‌ಗೆ ಆ ತುಟಿಮಾತು ಓದಲು ಬರುತ್ತಿರಲಿಲ್ಲ. ಟೋಪಿ ಎತ್ತಿ, ತಲೆ ಬಾಗಿಸಿ, ಮುಂದಿನ ಮನೆಗೆ ಹೋಗುತ್ತಿದ್ದ. ಏನು ಹೇಳಿರಬಹುದು ಎಂದು ಯೋಚಿಸುತ್ತಲೇ ಅವನಿಗೆ ನಿದ್ದೆ ಹತ್ತುತ್ತಿತ್ತು. ಒಮ್ಮೆ ಹಗಲಿನಲ್ಲಿ ಅವಳೆದುರು ಕೂತು, ಟೀ ಕುಡಿಯುತ್ತ, ‘ಅದೇನು ಮಿಸೆಸ್ ಒಗ್ಡನ್ ನೀವು ದಿನಾ ಹೇಳೋದು?’ ಎಂದು ಕೇಳಬೇಕು. ಬಾಳಿನಲ್ಲಿ ಅವನಿಗಿದ್ದ ಆಸೆ ಇಷ್ಟೇ.

ಆ ಸೋಮವಾರ ಹತ್ತು ಗಂಟೆಗೆ ನಗರಸಭೆಯ ಮೂವರು ಆಳುಗಳು ಬಂದು, ಸರಿಯಾಗಿ ಎನಕ್‌ನ ಕಿಟಕಿಯ ಕೆಳಗೆ ಪಿಕಾಸಿ ಹಿಡಿದು ರಸ್ತೆಯ ಕಲ್ಲು ಕೀಳತೊಡಗಿದರು. ಊರಿಗೆಲ್ಲ ನಿದ್ದೆ ಕೆಡಿಸುವವನ ನಿದ್ದೆ ಕೆಟ್ಟಿತು. ದಿಂಬನ್ನು ತಲೆಯ ಮೇಲೆ ಹೊದ್ದು ನೋಡಿದ, ಕೆಳಗೆ ಬಂದು ಕುರ್ಚಿಯಲ್ಲಿ ಒರಗಿ ನೋಡಿದ. ಕಡೆಗೆ ಒಂದು ಲೋಟ ಟೀ ಕುಡಿಯೋಣವೆಂದರೆ ಡಬ್ಬಿಯಲ್ಲಿ ಟೀಪುಡಿ ಇಲ್ಲ. ಹಗ್ಗದ ಮೇಲಿನ ಪ್ಯಾಂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬೇರೆ ದಾರಿಯಿಲ್ಲದೆ ಮದುವೆಗೂ ಸಾವಿಗೂ ಇಟ್ಟಿದ್ದ ಕರಿ ಸೂಟು ಹಾಕಿಕೊಂಡು ಅಂಗಡಿಗೆ ಹೊರಟ.

ಪಕ್ಕದ ಮನೆಯ ಬೆಸ್ಸಿ ಟ್ಯಾಟರ್ಸಲ್ ಮಂಡಿಯೂರಿ ಹೊಸಿಲ ಮೆಟ್ಟಿಲನ್ನು ಕಲ್ಲಿನಿಂದ ತಿಕ್ಕುತ್ತಿದ್ದಳು. ಹಗಲಿನಲ್ಲಿ ಗೂಬೆ ಕಂಡವಳಂತೆ ಅವಳ ಕೈ ನಿಂತಿತು.

“ಅಯ್ಯೋ ದೇವರೇ! ಎನಕ್, ಯಾರು ಹೋದ್ರು?”

“ಯಾರೂ ಹೋಗಿಲ್ಲ ಬೆಸ್ಸಿ.”

“ಮತ್ತೆ ಕರಿ ಸೂಟು?”

“ಹಾಗೇ ಸುಮ್ನೆ.”

“ಸುಮ್ನೆ ಯಾರಾದ್ರೂ ಸೂಟು ಹಾಕ್ತಾರೇನೋ? ಗಂಟೆ ಹನ್ನೊಂದಾಗಿಲ್ಲ. ನೀನು ಎದ್ದಿದ್ದೀಯ, ಶೇವ್ ಮಾಡಿದ್ದೀಯ.” ಬೆಸ್ಸಿ ಎದ್ದು ನಿಂತಳು. ಅವಳ ತಲೆಯೊಳಗೆ ಗಿರಣಿಯ ಚಕ್ರದಂತೆ ಒಂದು ಚಕ್ರ ತಿರುಗುವುದು ಹೊರಗೇ ಕಾಣುತ್ತಿತ್ತು. “ಗೊತ್ತಾಯ್ತು ಬಿಡು. ನೀನು ನಾಕ್ ಆಫ್. ಕೆಲಸ ಬಿಡ್ತಿದ್ದೀಯ. ಹೇಳೋಕೆ ನಾಚಿಕೆ.”

“ಛೆ ಛೆ, ನಾನು ಟೀಪುಡಿ...”

“ಟೀ ಬೇಕಾ? ಬಾ ಒಳಗೆ! ಕೆಟಲ್ ಇಟ್ಟಿದ್ದೀನಿ. ಇಪ್ಪತ್ತೆರಡು ವರ್ಷ ನಮ್ಮನ್ನ ಎಬ್ಬಿಸಿದ ಮನುಷ್ಯ ಕೊನೇ ದಿನ ಅಂಗಡಿ ಟೀಪುಡಿಗೆ ಹೋಗ್ತಾನಂತೆ!”

ಆಗಲೇ ಎನಕ್ ‘ಇಲ್ಲ ತಾಯಿ, ಪ್ಯಾಂಟು ಒಣಗಿಲ್ಲ ಅಷ್ಟೇ’ ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಆದರೆ ಬೆಸ್ಸಿಯ ಅಡುಗೆಮನೆಯ ಬಾಗಿಲು ತೆರೆದಿತ್ತು. ಒಳಗೆ ಒಲೆ ಉರಿಯುತ್ತಿತ್ತು. ಮೇಜಿಗೆ ಎರಡು ಕುರ್ಚಿ ಇದ್ದವು. ಅವನ ಹಳೆಯ ಬೆಕ್ಕು ಒಂದರ ಮೇಲೆ ಮಲಗಿ, ಯಾರಪ್ಪಾ ಇವನು ಎಂಬಂತೆ ನೋಡುತ್ತಿತ್ತು. ಟೀ ಕುಡಿದಮೇಲೆ ಹೇಳಿದರಾಯಿತು ಎಂದುಕೊಂಡ ಎನಕ್.

ಟೀ ಆದಮೇಲೆ ಆಲೂಗಡ್ಡೆ ಮಾಂಸದ ಪೈ ಬಂತು, ಜೊತೆಗೆ ಕೆಂಪು ಎಲೆಕೋಸಿನ ಉಪ್ಪಿನಕಾಯಿ. ಪೈ ಮುಗಿಸಿ ಹೇಳೋಣ ಎಂದುಕೊಂಡ. ಪೈ ಅರ್ಧ ಇರುವಾಗಲೇ ಬೆಸ್ಸಿಯ ಗಂಡ ಹರ್ಬರ್ಟ್ ಮಧ್ಯಾಹ್ನದ ಊಟಕ್ಕೆ ಬಂದ.

“ಯಾರಿದು, ನಮ್ಮ ಎನಕ್ಕೇ? ಮುಖ ಇಷ್ಟಿದೆಯಾ ನಿಂದು! ನಾನು ಬರೀ ಟೋಪಿ ನೋಡಿದ್ದೆ.”

“ಕೆಲಸ ಬಿಡ್ತಿದ್ದಾನೆ ಕಣ್ರೀ,” ಎಂದಳು ಬೆಸ್ಸಿ. “ಇವತ್ತೇ ಕೊನೆ.”

ಹರ್ಬರ್ಟ್‌ನ ಕೈಯಲ್ಲಿದ್ದ ಚಮಚ ಮೇಲೇ ನಿಂತಿತು. “ಹಾಗಾದ್ರೆ ನಾಳೆ ನಮ್ಮನ್ನ ಎಬ್ಬಿಸೋರು ಯಾರು? ಎರಡು ನಿಮಿಷ ತಡ ಆದ್ರೆ ಗಿರಣಿ ಕಾವಲಿನ ಆ ನನ್ಮಗ ಗೇಟು ಹಾಕ್ತಾನೆ!” ಎಂದವನೇ, ಉಳಿದ ಪೈಯನ್ನು ಕಾಗದದಲ್ಲಿ ಸುತ್ತಿಕೊಂಡು ಗಿರಣಿಗೆ ಓಡಿದ.

ಗಿರಣಿಯಲ್ಲಿ ಸುದ್ದಿ ಹರಡಲು ಬಾಯಿ ತೆರೆದರೆ ಸಾಕು, ದನಿ ಬೇಡ. ಹರ್ಬರ್ಟ್ ಬಾಗಿಲಲ್ಲಿ ನಿಂತು ತುಟಿಯಾಡಿಸಿದ್ದೇ ತಡ, ಮಗ್ಗದಿಂದ ಮಗ್ಗಕ್ಕೆ, ಸಾಲಿನಿಂದ ಸಾಲಿಗೆ ನೂರಾರು ಬಾಯಿ ಮೀನಿನಂತೆ ತೆರೆದು ಮುಚ್ಚಿದವು. ಎರಡು ಗಂಟೆಯೊಳಗೆ ಎನಕ್ ಕೆಲಸ ಬಿಟ್ಟಿದ್ದು ಎನಕ್‌ನನ್ನು ಬಿಟ್ಟು ಎಲ್ಲರಿಗೂ ಖಚಿತವಾಗಿತ್ತು.

ಅಷ್ಟರಲ್ಲಿ ಎನಕ್ ಮನೆಗೆ ಬಂದು ಕುರ್ಚಿಯಲ್ಲಿ ಕೂತಿದ್ದ. ಸಂಜೆ ಎಲ್ಲರಿಗೂ ಹೇಳಿಬಿಡಬೇಕು, ನಾಲ್ಕು ದಿನ ನಗುತ್ತಾರೆ, ನಗಲಿ, ಎಂದು ಗಟ್ಟಿ ಮಾಡಿಕೊಂಡ. ಆಗ ಬಾಗಿಲು ತಟ್ಟಿದ ಸದ್ದು.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಪಿಕಾಸಿಯವರಿರಬೇಕು ಅಂದುಕೊಂಡ. ಮತ್ತೆ ತಟ್ಟಿತು. ಅದು ತನ್ನ ಬಾಗಿಲೇ ಎಂದು ಗೊತ್ತಾದಾಗ ಧಡಕ್ಕನೆ ಎದ್ದ. ಟೈ ಸರಿಮಾಡಿಕೊಂಡು ಬಾಗಿಲು ತೆರೆದ.

ಮುದುಕ ಜೇಬೆಜ್ ನಿಂತಿದ್ದ. ಗಿರಣಿಯಿಂದ ನಿವೃತ್ತನಾಗಿ ಹತ್ತು ವರ್ಷವಾದರೂ ಬೀದಿಯ ಪ್ರತಿ ವಿಷಯಕ್ಕೂ ತಾನೇ ಮೇಸ್ತ್ರಿ ಎಂದು ತಿಳಿದವನು. ಬಂದವನೇ ಎನಕ್‌ನ ಕುರ್ಚಿಯಲ್ಲಿ ಕೂತ.

“ಒಳ್ಳೇದು ಮಾಡಿದೆ ಕಣಯ್ಯಾ. ನಿನಗೂ ವಯಸ್ಸಾಯ್ತು. ನಾಕಿಂಗ್ ಆನ್. ಚಳೀಲಿ ನಾಕ್ ಅಪ್ ಮಾಡ್ತಾ ಮಾಡ್ತಾ ಒಂದಿನ ನೀನೇ ನಾಕ್ ಔಟ್ ಆಗೋಗ್ತಿದ್ದೆ. ಮುಂದೆ ಏನ್ಮಾಡ್ತೀಯ? ಎಲ್ಲಿರ್ತೀಯ?”

“ಎಲ್ಲಿ ಅಂದ್ರೆ...”

“ಇಲ್ಲೇ ಇರಬೇಡ. ಸತ್ತೋಗ್ತೀಯ. ನನ್ನನ್ನ ನೋಡು. ಕೆಲಸ ಬಿಟ್ಟು ಮನೇಲಿ ಕೂತ್ರೆ ಒಂದು ನಾಯಿನೂ ಮಾತಾಡ್ಸಲ್ಲ. ಯಾರೂ ಇಲ್ವಾ ನಿನಗೆ?”

‘ಯಾರೂ ಇಲ್ಲ’ ಎಂಬ ಮಾತು ಇಪ್ಪತ್ತೆರಡು ವರ್ಷದಿಂದ ಅವನ ಹೊಟ್ಟೆಯಲ್ಲಿತ್ತು. ಬಾಯಿಗೆ ಬರುವಷ್ಟರಲ್ಲಿ ಅದು ಬೇರೆಯೇ ಆಗಿ ಬಂತು. “ಮೋರ್‌ಕಮ್‌ನಲ್ಲಿ ತಂಗಿ ಇದ್ದಾಳೆ.”

ಅವನಿಗೆ ತಂಗಿ ಇರಲಿಲ್ಲ. ಮೋರ್‌ಕಮ್‌ನ ಕಡಲನ್ನು ಅವನು ಒಂದು ಬಿಸ್ಕತ್ತಿನ ಡಬ್ಬದ ಮೇಲೆ ನೋಡಿದ್ದ.

“ತಂಗಿನಾ! ಹೇಳಲೇ ಇಲ್ವಲ್ಲೋ! ಹೆಸರೇನು?”

“ವಿನಿಫ್ರೆಡ್,” ಎಂದ ಎನಕ್. ಎಂದಮೇಲೆ ಅವಳಿಗೊಂದು ಮನೆ ಕೊಟ್ಟ, ಗಂಡನಿಗೊಂದು ದೋಣಿ ಕೊಟ್ಟ. ಸುಳ್ಳು ಹೇಳುವುದು ಇಷ್ಟು ಬೆಚ್ಚಗಿರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಜೇಬೆಜ್ ಒಂದು ಗಂಟೆ ಕೂತು ದೋಣಿಯ ವಿಚಾರವೆಲ್ಲ ಕೇಳಿ, ರೈಲಿನ ವೇಳೆ ವಿಚಾರಿಸಿಕೊಂಡು ಬರುತ್ತೇನೆಂದು ಹೋದ.

ಐದೂವರೆಗೆ ಗಿರಣಿ ಬಿಟ್ಟಿತು. ಬಾಬಿನ್ ಬೀದಿಗೆ ಬಂದ ಕ್ಲಾಗ್‌ಗಳ ಸದ್ದು ಆ ದಿನ ತಂತಮ್ಮ ಮನೆಗಳಿಗೆ ಚೆದುರಲಿಲ್ಲ. ಎಲ್ಲ ಒಂದೇ ಬಾಗಿಲಿಗೆ ಬಂತು.

ತಟ್ಟಿದರು, ತಟ್ಟಿದರು, ತಟ್ಟಿದರು. ಕಡೆಗೆ ಬಾಗಿಲನ್ನು ತೆರೆದೇ ಇಟ್ಟರೂ ಬಂದವರು ಮರ್ಯಾದೆಗೆ ಚೌಕಟ್ಟನ್ನಾದರೂ ತಟ್ಟಿ ಒಳಗೆ ಬಂದರು. ಒಂಬತ್ತನೇ ನಂಬರಿನ ಬೋಳುತಲೆಯ ಕೆಳಗೆ ಒಂದು ನಗುಮುಖ ಇತ್ತು. ಇಪ್ಪತ್ತೆಂಟರ ಹೆಬ್ಬೆರಳಿಗೆ ಒಬ್ಬ ಇಡೀ ಮನುಷ್ಯ ಅಂಟಿಕೊಂಡಿದ್ದ. ಮೂವತ್ತನೇ ನಂಬರಿನ ಬೈಗುಳ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತಿತು.

“ಎನಕ್, ಇಷ್ಟು ವರ್ಷ ಅಂದದ್ದೆಲ್ಲ ಮನಸ್ಸಲ್ಲಿಟ್ಕೋಬೇಡಪ್ಪಾ. ನಿದ್ದೆಗಣ್ಣಲ್ಲಿ ಅಂದದ್ದು.”

“ಹೋದ ಗುರುವಾರದ್ದು ತುಂಬ ಚೆನ್ನಾಗಿತ್ತು,” ಎಂದ ಎನಕ್. ಮನೆಯೆಲ್ಲ ನಕ್ಕಿತು. ತನ್ನ ಮಾತಿಗೆ ಹತ್ತು ಜನ ಒಟ್ಟಿಗೆ ನಕ್ಕದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಹರ್ಬರ್ಟ್ ಜಗ್ಗಿನಲ್ಲಿ ಬಿಯರು ತಂದಿದ್ದ. “ನಾಕ್ ಬ್ಯಾಕ್ ಮಾಡು ಗುರು!” ಎಂದು ಬೆನ್ನು ಗುದ್ದಿದ. ಶುಂಠಿ ಕೇಕು, ಹಂದಿ ಪೈ, ಹುರಿದ ಮೀನು ಬಂದವು. ಎಲ್ಲರೂ ಮೋರ್‌ಕಮ್‌ನ ವಿನಿಫ್ರೆಡ್‌ಳ ಆರೋಗ್ಯಕ್ಕೆ ಕುಡಿದರು.

ಆರೂಕಾಲಿಗೆ ಹೆಸ್ಟರ್ ಒಗ್ಡನ್ ಬಂದಳು. ಜನ ಸರಿದು ಎನಕ್‌ನ ಪಕ್ಕದ ಸ್ಟೂಲು ಬಿಟ್ಟುಕೊಟ್ಟರು. ಗಾಜಿಲ್ಲದೆ ಅವಳನ್ನು ಇಷ್ಟು ಹತ್ತಿರ ಅವನು ನೋಡಿದ್ದು ಅದೇ ಮೊದಲು. ತಲೆಗೂದಲಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಮುಖ ಹೊಳೆಯುತ್ತಿತ್ತು.

ಈಗ ಹೇಳಬೇಕು ಎಂದುಕೊಂಡ ಎನಕ್. ಇವಳೊಬ್ಬಳಿಗಾದರೂ ನಿಜ ಹೇಳಬೇಕು. ಅದಕ್ಕೂ ಮೊದಲು ಆ ಒಂದು ಮಾತು ಕೇಳಿಬಿಡಬೇಕು.

“ಮಿಸೆಸ್ ಒಗ್ಡನ್, ಒಂದು ಕೇಳಲಾ? ದಿನಾ ಬೆಳಿಗ್ಗೆ ಕಿಟಕೀಲಿ ನೀವು ಏನೋ ಹೇಳ್ತೀರಲ್ಲ...”

“ಅಯ್ಯೋ, ಅದಾ?” ಹೆಸ್ಟರ್ ಕೆನ್ನೆಗೆ ಕೈಯಿಟ್ಟು ನಕ್ಕಳು. “‘ಎದ್ದಿದ್ದೀನಿ, ಸಾಕು ನಿಲ್ಸಿ, ಗಾಜು ಒಡೆದೀತು’ ಅಂತ. ಇಷ್ಟು ವರ್ಷದಿಂದ ಹೇಳ್ತಾನೇ ಇದ್ದೀನಿ. ನೀವು ಟೋಪಿ ಎತ್ತಿ ಹೋಗ್ತಿದ್ರಿ.”

ಎನಕ್ ಬಿಯರಿನ ಲೋಟದೊಳಗೆ ನೋಡಿದ. ಅಲ್ಲೇನೂ ಇರಲಿಲ್ಲ.

“ಆದ್ರೆ ಇವತ್ತು ನಿಮಗೆ ಬೇರೆ ಮಾತು ಹೇಳಬೇಕು ಅಂತ ಬಂದೆ,” ಹೆಸ್ಟರ್ ದನಿ ತಗ್ಗಿಸಿದಳು. “ಇದನ್ನ ಬಾಯಿಬಿಟ್ಟೇ ಹೇಳ್ತೀನಿ. ನಿಮ್ಮಿಂದ ನನಗೆ ತುಂಬ ಉಪಕಾರ ಆಯ್ತು ಎನಕ್. ನೀವಿಲ್ಲದಿದ್ರೆ...”

ಎನಕ್‌ನ ಮೈಯೆಲ್ಲ ಕಿವಿಯಾಯಿತು. ಲೋಟವನ್ನು ಕೆಳಗಿಟ್ಟ. “ನಾನೂ ಒಂದು ಹೇಳಬೇಕು. ನಾನು ಎಲ್ಲಿಗೂ...”

“ನಾನು ಮೊದ್ಲು ಹೇಳಿಬಿಡ್ತೀನಿ, ಇಲ್ಲಾಂದ್ರೆ ಅತ್ತುಬಿಡ್ತೀನಿ. ಹದಿಮೂರನೇ ವಯಸ್ಸಿಗೆ ಗಿರಣಿ ಸೇರಿದೆ. ಆ ಧೂಳಿಗೆ ಎದೆ ಹಿಡ್ಕೊಂಡಿದೆ. ಕೆಮ್ಮು ಶುರುವಾದ್ರೆ ನಿಲ್ಲಲ್ಲ. ಹೊರಗಿನ ಗಾಳೀಲಿ ಕೆಲಸ ಮಾಡು ಅಂದ್ರು ಡಾಕ್ಟ್ರು. ಹೊರಗಿನ ಗಾಳೀಲಿ ಯಾರು ಕೊಡ್ತಾರೆ ಕೆಲಸ, ನನ್ನಂಥೋಳಿಗೆ? ಇವತ್ತು ಮಧ್ಯಾಹ್ನ ಹರ್ಬರ್ಟ್ ಬಂದು ನಿಮ್ಮ ಸುದ್ದಿ ಹೇಳಿದ. ನಾನು ಎರಡನೇ ಸಲ ಯೋಚ್ನೆ ಮಾಡ್ಲಿಲ್ಲ. ಮೂರೂವರೆಗೆ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ, ಸೂಪರ್‌ವೈಸರ್ ಮುಖಕ್ಕೇ ಹೇಳಿ ಬಂದೆ. ಅಷ್ಟರಲ್ಲಿ ಬೀದಿಯವರೂ ಒಪ್ಪಿದ್ರು.” ಅವಳು ಕಣ್ಣೊರೆಸಿಕೊಂಡಳು. “ನಾಳೆಯಿಂದ ಬೀದೀನ ಎಬ್ಬಿಸೋಳು ನಾನೇ. ಐದರಿಂದ ಏಳು. ಆಮೇಲೆ ಬಂದು, ಪರದೆ ಎಳೆದು, ಸಂಜೆವರೆಗೂ ನಿದ್ದೆ. ನಲವತ್ತು ವರ್ಷದ ನಿದ್ದೆ ಬಾಕಿ ಇದೆ ನೋಡಿ. ಹಗಲಲ್ಲಿ ಸತ್ರೂ ಬಾಗಿಲು ತೆಗೆಯಲ್ಲ ಅಂತ ಬೆಸ್ಸಿಗೆ ಹೇಳಿಟ್ಟಿದ್ದೀನಿ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಸ್ಟರ್ ಅವನ ಕಡೆ ತಿರುಗಿದಳು. “ನೀವೇನೋ ಹೇಳೋಕೆ ಬಂದ್ರಿ?”

ಎನಕ್ ಅವಳ ಮುಖ ನೋಡಿದ. ಅಷ್ಟು ಸಂತೋಷ ಆ ಬೀದಿಯ ಯಾವ ಕಿಟಕಿಯಲ್ಲೂ ಅವನು ಕಂಡಿರಲಿಲ್ಲ.

“ಎಲ್ಲಿಗೂ ಇಷ್ಟು ಬೇಗ ಹೊರಟವನಲ್ಲ ನಾನು,” ಎಂದ. “ಅದೇ ಹೇಳೋಣ ಅಂತಿದ್ದೆ.”

“ಬೇಗ ಏನು ಬಂತು!” ಬಾಗಿಲಿಂದ ಜೇಬೆಜ್ ಕೂಗಿದ. ಸ್ಟೇಷನ್ನಿಗೆ ಹೋಗಿ ಬಂದು ಏದುಸಿರು ಬಿಡುತ್ತಿದ್ದ. “ನಾಳೆ ಬೆಳಿಗ್ಗೆ ಆರೂ ಹತ್ತಕ್ಕೇ ಇದೆ ರೈಲು. ಬೀದಿಯವರೆಲ್ಲ ಸೇರಿ ಟಿಕೆಟ್ ತೆಗೆದಿದ್ದೀವಿ. ಹೋಗೋದಕ್ಕೆ ಮಾತ್ರ!”

ಮತ್ತೆ ಚಪ್ಪಾಳೆ. ಬೆಸ್ಸಿ ಮೂಲೆಯಲ್ಲಿದ್ದ ಬಿದಿರುಕೋಲನ್ನು ಎತ್ತಿ, ಎನಕ್‌ನ ಕೈಗೆ ಕೊಟ್ಟು, ಅವನ ಕೈಯಿಂದಲೇ ಹೆಸ್ಟರ್‌ಗೆ ಕೊಡಿಸಿದಳು. ಕೋಲು ಕೈಬಿಡುವಾಗ ಅವನ ಬೆರಳುಗಳು ಕೊಂಚ ತಡಮಾಡಿದವು. ಅದನ್ನು ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಹರ್ಬರ್ಟ್ ಹಾಡಲು ಶುರು ಮಾಡಿದ್ದ.

ಎಂಟಕ್ಕೆಲ್ಲ ಮನೆ ಖಾಲಿಯಾಯಿತು. ನಾಳೆ ಗಿರಣಿ ಇದೆಯಲ್ಲ. ಕೊನೆಗೆ ಹೋದವಳು ಹೆಸ್ಟರ್. ಕೋಲಿನ ತುದಿ ಬಾಗಿಲಿಗೆ ತಾಗದಂತೆ ಬಗ್ಗಿಸಿಕೊಂಡು, “ರೈಲಿಗೆ ನಿಮ್ಮನ್ನ ಎಷ್ಟು ಗಂಟೆಗೆ ಎಬ್ಬಿಸಲಿ?” ಎಂದು ಕೇಳಿದಳು.

ಈ ಪ್ರಶ್ನೆಯನ್ನು ಅವನು ಸಾವಿರಾರು ಸಲ ಬೇರೆಯವರನ್ನು ಕೇಳಿದ್ದ. ಅವನನ್ನು ಯಾರೂ ಕೇಳಿರಲಿಲ್ಲ.

“ಐದಕ್ಕೆ,” ಎಂದ.

“ಮೊದಲ ಮನೆ ನಿಮ್ಮದೇ ಹಾಗಾದ್ರೆ.”

ಅಷ್ಟು ಹೊತ್ತು ತಡೆದಿದ್ದ ನಿದ್ದೆ ಆ ರಾತ್ರಿ ಅವನಿಗೆ ಬರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ, ನಾಲ್ಕಕ್ಕೇ ಎದ್ದು ಕೂತ. ಕರಿ ಸೂಟು ಹಾಕಿಕೊಂಡ. ಇಲ್ಲದ ತಂಗಿಯ ಮನೆಗೆ ಏನೇನು ತೆಗೆದುಕೊಂಡು ಹೋಗಬೇಕೆಂದು ಗೊತ್ತಾಗದೆ, ಚೀಲಕ್ಕೆ ಉಳಿದ ಹಂದಿ ಪೈ ಇಟ್ಟ, ಒಣಗಿದ ಪ್ಯಾಂಟು ಇಟ್ಟ. ಆಮೇಲೆ ಏನೋ ಹೊಳೆದು, ಬೂಟು ಸಮೇತ ಹಾಸಿಗೆಗೆ ಹೋಗಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದು ಮಲಗಿದ.

ಐದಕ್ಕೆ ಸರಿಯಾಗಿ ಗಾಜಿನ ಮೇಲೆ ತಂತಿ ಆಡಿತು. ಟರ್ ಟರ್ ಟರ್.

ಹೊರಗಿನಿಂದ ಮಾತ್ರ ಕೇಳಿದ್ದ ಆ ಸದ್ದು ಒಳಗಿನಿಂದ ಇಷ್ಟು ಮೆತ್ತಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಯಾರೋ ಕೂದಲಲ್ಲಿ ಬೆರಳಾಡಿಸಿದಂತಿತ್ತು. ಎನಕ್ ಏಳಲಿಲ್ಲ. ಎದ್ದರೆ ಅವಳು ಹೋಗಿಬಿಡುತ್ತಾಳೆ.

ಮತ್ತೆ ತಟ್ಟಿದಳು, ಕೊಂಚ ಜೋರಾಗಿ. ಕೆಳಗೆ ಅವಳು ಕೆಮ್ಮಿದ್ದು ಕೇಳಿಸಿತು. ಎನಕ್ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿಕೊಂಡು, ಮೂರನೆಯದಕ್ಕೆ ಕಾದ.

ಮೂರನೆಯದು ಬಂತು. ಗೋಡೆಯಾಚೆ, ಬೆಸ್ಸಿಯ ಕಿಟಕಿಗೆ.